ಬೆರಳು ಚೀಪುವ ಮಗು, ಸಾಲು ತಪ್ಪಿದ ಹಲ್ಲು

2021ನೇ ಇಸವಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ. ದೇವರಾಜ ಮಾರುಕಟ್ಟೆಯಿಂದ ತಂದ ಮಲ್ಲಿಗೆ ಮೊಗ್ಗನ್ನು ಮೊರದಲ್ಲಿ ಹರಡಿಕೊಂಡು ನಾನೂ ನನ್ನ ಕಿರಿಮಗಳು ಪುಟ್ಟಿಯೂ ನಡುಮನೆಯಲ್ಲಿ ಕೂತಿದ್ದೆವು. ಅವಳಿಗೆ ಆಗ 9 ವರ್ಷ. ಹೂ ಕಟ್ಟೋದನ್ನು ಆಗಷ್ಟೇ ಕಲಿತಿದ್ದಳು. ಒಂದು ಮೊಳ ಕಟ್ಟಿ ಮುಗಿಸಿ, ನಾನು ಮಾಡುವ ಹಾಗೇ ದಾರವನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಲು ಹೋದಳು. ಆಗಲಿಲ್ಲ. ಮತ್ತೆ ಕಚ್ಚಿದಳು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ದಾರ ಸುಮ್ಮನೆ ಆಚೀಚೆ ಓಡಾಡಿತೇ ಹೊರತು ಹಲ್ಲಿಗೆ ಹಲ್ಲು ಸೇರಲೇ ಇಲ್ಲ.

"ಎಲ್ಲಿ, ಬಾಯಿ ಮುಚ್ಚಿ ಹಲ್ಲು ತೋರಿಸು" ಅಂದೆ. ದವಡೆ ಹಲ್ಲುಗಳೆಲ್ಲ ಗಟ್ಟಿಯಾಗಿ ಕೂಡಿದ್ದವು. ಮುಂದೆ ಮಾತ್ರ ಕಿಟಕಿಯ ಹಾಗೆ ಒಂದು ಸಂದು. ನನ್ನ ಕಿರುಬೆರಳು ತೂರುವಷ್ಟು. ಆ ಸಂದಿನಲ್ಲಿ ಅವಳ ನಾಲಿಗೆಯ ತುದಿ ಇಣುಕುತ್ತಿತ್ತು. ದಿನಾ ತಲೆ ಬಾಚಿ ಜಡೆ ಹಾಕುವ ತಾಯಿ ನಾನು, ಇದನ್ನು ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ ಅಂತ ಎದೆ ಧಸಕ್ಕೆಂದಿತು. ದೋಸೆಯನ್ನೂ ಚಪಾತಿಯನ್ನೂ ಅವಳು ಯಾವಾಗಲೂ ಬಾಯಿಯ ಪಕ್ಕಕ್ಕೆ ಸೇರಿಸಿ ಹರಿಯುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಫೋಟೋ ತೆಗೆಯುವಾಗ ಬಾಯಿಗೆ ಕೈ ಅಡ್ಡ ಇಡುತ್ತಿದ್ದದ್ದೂ ಅದಕ್ಕೇ.

ನನ್ನಂಥ ತಾಯಂದಿರು ಬಹಳ ಮಂದಿ ಇರಬಹುದು. ಆಮೇಲಿನ ಮೂರು ವರ್ಷಗಳಲ್ಲಿ ನಾನು ಕಲಿತದ್ದನ್ನು ಹೇಳಿಕೊಂಡರೆ ಒಬ್ಬರಿಗಾದರೂ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಹೈಸ್ಕೂಲು ತನಕ ಮಾತ್ರ. ಡಾಕ್ಟರು ಹೇಳಿದ್ದನ್ನು ತಿರುಗಿ ಕೇಳಿ, ಓದಿ, ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ.

ತಪ್ಪು ಯಾರದು?

ಪುಟ್ಟಿ ಹುಟ್ಟಿದ ಮೂರನೇ ತಿಂಗಳಿಂದಲೂ ಎಡಗೈ ಹೆಬ್ಬೆರಳು ಚೀಪುತ್ತಿದ್ದಳು. ಹಸಿವಾದರೂ ಬೆರಳು, ನಿದ್ದೆ ಬಂದರೂ ಬೆರಳು, ಯಾರಾದರೂ ಗದರಿದರೂ ಬೆರಳು. ನಾನು ಬೈದರೆ ನಮ್ಮತ್ತೆ ಬಿಡುತ್ತಿರಲಿಲ್ಲ. ನಮ್ಮ ದೇವರ ಮನೆಯಲ್ಲಿ ಆಲದೆಲೆಯ ಮೇಲೆ ಮಲಗಿದ ಬಾಲಕೃಷ್ಣನ ಪಟ ಇದೆ, ಮೈಸೂರು ಶೈಲಿಯದು. ಅದನ್ನು ತೋರಿಸಿ, "ನೋಡಮ್ಮ, ಆ ಪರಮಾತ್ಮನೇ ಕಾಲ್ಬೆರಳು ಚೀಪ್ತಾ ಮಲಗಿದಾನೆ. ನಿನ್ನ ಮಗಳು ಕೈಬೆರಳು ಚೀಪಿದರೆ ಏನು ಮಹಾ?" ಅನ್ನುತ್ತಿದ್ದರು. ನಗು ಬರುತ್ತಿತ್ತು, ಸುಮ್ಮನಾಗುತ್ತಿದ್ದೆ.

ಐದು ವರ್ಷವಾದರೂ ಬಿಡದಿದ್ದಾಗ ನನ್ನ ತಾಳ್ಮೆ ಹೋಯಿತು. ಬೇವಿನೆಣ್ಣೆ ಹಚ್ಚಿದೆ. ಲೋಳೆಸರ ಹಚ್ಚಿದೆ. ಹಾಗಲಕಾಯಿ ರಸವೂ ಆಯಿತು. ಅವಳು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದು ಮುಸುಕಿನೊಳಗೆ ಮತ್ತೆ ಶುರು ಮಾಡುತ್ತಿದ್ದಳು. ನೆಂಟರ ಮುಂದೆ, "ಇಷ್ಟು ದೊಡ್ಡವಳಾಗಿ ಇನ್ನೂ ಬೆರಳು ಚೀಪ್ತಾಳೆ" ಅಂತ ಆಡಿಕೊಂಡೆ. ಒಂದು ಸಲ ಕೈಗೆ ಹೊಡೆದೂ ಬಿಟ್ಟೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಹೊಡೆದ ದಿನ ರಾತ್ರಿ ಅವಳು ಇನ್ನೂ ಜಾಸ್ತಿ ಚೀಪಿದಳು.

2019ರಲ್ಲಿ, ಏಳು ವರ್ಷದಲ್ಲಿ, ಒಬ್ಬ ಹಲ್ಲಿನ ಡಾಕ್ಟರಿಗೆ ತೋರಿಸಿದ್ದೆವು. ಅವರು ಒಂದು ನಿಮಿಷ ನೋಡಿ, "ಹಲ್ಲು ಇನ್ನೂ ಬರ್ತಾ ಇದೆ. ಎಲ್ಲಾ ಬಂದ ಮೇಲೆ, 13 ವರ್ಷಕ್ಕೆ ಕರ್ಕೊಂಡು ಬನ್ನಿ, ಕ್ಲಿಪ್ ಹಾಕೋಣ" ಅಂದರು. ಹಲ್ಲು ಬರುತ್ತಿದ್ದದ್ದು ನಿಜ. ಆದರೆ ಬೆರಳಿನ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರುವರ್ಷ ಕೊರೋನಾ ಬಂತು. ಸ್ಕೂಲಿಲ್ಲ, ಗೆಳತಿಯರಿಲ್ಲ. ಮೊಬೈಲಿನಲ್ಲಿ ಪಾಠ ಕೇಳುತ್ತಾ ಹಗಲಿಡೀ ಬೆರಳು ಬಾಯಲ್ಲೇ.

ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ

ಹಬ್ಬ ಮುಗಿದ ವಾರವೇ ಒಂದು ದಂತ ಕಾಲೇಜಿನ ಆಸ್ಪತ್ರೆಗೆ ಹೋದೆವು. ಮಕ್ಕಳ ಹಲ್ಲಿನ ವಿಭಾಗದಲ್ಲಿದ್ದ ಡಾಕ್ಟರಮ್ಮ ಬಹಳ ಸಮಾಧಾನದವರು. ನಾನು ಕೇಳಿದ ಮೊದಲ ಪ್ರಶ್ನೆ: "ಅಷ್ಟು ಗಟ್ಟಿ ಹಲ್ಲು, ಅಷ್ಟು ಗಟ್ಟಿ ಮೂಳೆ. ಮೆತ್ತಗಿನ ಬೆರಳು ಅದನ್ನು ಹೇಗೆ ಸರಿಸುತ್ತದೆ, ಮೇಡಂ?"

ಅವರು ವಿವರಿಸಿದ್ದು ಇದು. ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ಮೂಳೆಯಲ್ಲಿ ನಾಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಸಣ್ಣ ಸಣ್ಣ ನಾರುಗಳಿವೆ. ಉಯ್ಯಾಲೆ ಹಗ್ಗದ ಹಾಗೆ ಅವು ಹಲ್ಲನ್ನು ಹಿಡಿದಿರುತ್ತವೆ. ಒಂದು ಕಡೆಯಿಂದ ಒತ್ತಡ ಬಹಳ ಹೊತ್ತು ಬಿದ್ದರೆ, ಹಲ್ಲು ಯಾವ ಕಡೆಗೆ ತಳ್ಳಲ್ಪಡುತ್ತದೋ ಅಲ್ಲಿನ ಮೂಳೆ ಕರಗುತ್ತದೆ, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಕಟ್ಟುತ್ತದೆ. ಹೀಗೆ ಹಲ್ಲು ಮೆಲ್ಲಗೆ ನಡೆದುಕೊಂಡು ಹೋಗುತ್ತದೆ. ಕ್ಲಿಪ್ ಹಾಕಿ ಹಲ್ಲು ಸರಿ ಮಾಡುವುದೂ ಇದೇ ಉಪಾಯದಿಂದ. ಬೆರಳು ಮಾಡಿದ್ದನ್ನು ತಂತಿ ತಿರುಗಿಸುತ್ತದೆ, ಅಷ್ಟೇ.

ನಮ್ಮ ಹಲ್ಲಿನ ಸಾಲಿಗೆ ಒಳಗಡೆಯಿಂದ ನಾಲಿಗೆಯ ಒತ್ತಡ, ಹೊರಗಡೆಯಿಂದ ತುಟಿ ಮತ್ತು ಕೆನ್ನೆಯ ಒತ್ತಡ. ಎರಡರ ನಡುವೆ ಹಲ್ಲು ತನ್ನ ಜಾಗ ಹುಡುಕಿಕೊಂಡು ನಿಲ್ಲುತ್ತದೆ. ಅಮೆರಿಕದ ವಿಲಿಯಂ ಪ್ರಾಫಿಟ್ ಎಂಬ ದಂತತಜ್ಞರು 1978ರಲ್ಲಿ ಈ ಸಮತೋಲನದ ಬಗ್ಗೆ ಬರೆದ ಲೇಖನವನ್ನು ಇವತ್ತಿಗೂ ಓದುತ್ತಾರಂತೆ. ಅವರು ಒತ್ತಿ ಹೇಳಿದ ಮಾತೊಂದಿದೆ: ಒತ್ತಡ ಎಷ್ಟು ಜೋರು ಎನ್ನುವುದಕ್ಕಿಂತ ಎಷ್ಟು ಹೊತ್ತು ಎನ್ನುವುದೇ ಮುಖ್ಯ. ಚಕ್ಕುಲಿ ಕಡಿಯುವಾಗ ಹಲ್ಲಿನ ಮೇಲೆ ಎಷ್ಟೋ ಭಾರ ಬೀಳುತ್ತದೆ, ಹಲ್ಲು ಕದಲುವುದಿಲ್ಲ, ಯಾಕೆಂದರೆ ಅದು ಕ್ಷಣಮಾತ್ರದ್ದು. ಆದರೆ ಹಗುರವಾದ ಒತ್ತಡವೇ ದಿನಕ್ಕೆ ಸುಮಾರು 6 ಗಂಟೆಯೋ ಅದಕ್ಕೂ ಹೆಚ್ಚೋ ಬಿದ್ದರೆ ಹಲ್ಲು ಜರುಗತೊಡಗುತ್ತದೆ.

ಹಗಲು ಅರ್ಧ ಗಂಟೆ ಬೆರಳು ಚೀಪಿ ಬಿಡುವ ಮಗುವಿನ ಹಲ್ಲು ಚೆನ್ನಾಗಿಯೇ ಇರಬಹುದು. ರಾತ್ರಿಯಿಡೀ ಬಾಯಲ್ಲಿ ಬೆರಳಿಟ್ಟುಕೊಂಡು ಮಲಗುವ ಮಗುವಿನ ಹಲ್ಲೇ ಹೆಚ್ಚು ಕೆಡುವುದು. ನಾನು ಹಗಲು ಕಾವಲು ಕಾಯ್ದು ರಾತ್ರಿ ನಿದ್ದೆ ಮಾಡಿದ್ದೆ!

ಬೆರಳು ಮಾಡುವ ಕೆಲಸ

ಹೆಬ್ಬೆರಳು ಬಾಯೊಳಗಿದ್ದಾಗ ಮೇಲಿನ ಮುಂಹಲ್ಲುಗಳನ್ನು ಹೊರಕ್ಕೆ ತಳ್ಳುತ್ತದೆ, ಕೆಳಗಿನವನ್ನು ಒಳಕ್ಕೆ ಒತ್ತುತ್ತದೆ. ಹೊಸ ಹಲ್ಲು ಇಳಿದು ಬರಬೇಕಾದ ದಾರಿಗೆ ಅಡ್ಡ ನಿಲ್ಲುತ್ತದೆ. ಹೀಗಾಗಿ ಮುಂದೆ ಸಂದು ಉಳಿಯುತ್ತದೆ. ಇಷ್ಟೇ ಅಲ್ಲ. ನಾಲಿಗೆ ಸುಮ್ಮನಿರುವಾಗ ಅಂಗುಳಕ್ಕೆ ತಾಗಿಕೊಂಡು ಮೇಲಿರಬೇಕು. ಬೆರಳು ಆ ಜಾಗ ಹಿಡಿದರೆ ನಾಲಿಗೆ ಕೆಳಕ್ಕೆ ಇಳಿಯುತ್ತದೆ. ಚೀಪುವಾಗ ಕೆನ್ನೆ ಒಳಕ್ಕೆ ಸೇದಿಕೊಳ್ಳುತ್ತದೆ. ಹೊರಗಿನ ಕೆನ್ನೆಯ ಒತ್ತಡ ಹೆಚ್ಚಿತು, ಒಳಗೆ ಎದುರು ನಿಲ್ಲಬೇಕಾದ ನಾಲಿಗೆ ಇಲ್ಲ. ಮೇಲಿನ ದವಡೆ ಅಗಲವಾಗುವ ಬದಲು ಕಿರಿದಾಗಿ ಅಂಗುಳ ಗೋಪುರದ ಹಾಗೆ ಎತ್ತರವಾಗುತ್ತದೆ. ಪುಟ್ಟಿಯ ಅಂಗುಳ ಹಾಗೇ ಇತ್ತು. ಬಲಗಡೆ ಮೇಲಿನ ದವಡೆ ಹಲ್ಲು ಕೆಳಗಿನದರ ಒಳಗೆ ಹೋಗಿ ಕೂತಿತ್ತು.

ಹಾಗಂತ ಬೆರಳು ಚೀಪುವ ಎಲ್ಲ ಕೂಸುಗಳಿಗೂ ಹೆದರಬೇಕಾಗಿಲ್ಲ. ಹಾಲೂಡುವ ವಯಸ್ಸಿನಲ್ಲಿ ಚೀಪುವುದು ಸಹಜ ಗುಣ. ಬಹಳಷ್ಟು ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿಯೇ ಬಿಡುತ್ತವೆ. 6-7 ವರ್ಷಕ್ಕೆ ಕೆಳಗಿನ ಮುಂಹಲ್ಲು, 7-8ಕ್ಕೆ ಮೇಲಿನ ಮುಂಹಲ್ಲು ಹೊಸದು ಬರುತ್ತವೆ. ಅಷ್ಟರೊಳಗೆ ಅಭ್ಯಾಸ ನಿಂತರೆ ಮುಂದಿನ ಸಂದು ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಕಿರಿದಾದ ದವಡೆ ಅಷ್ಟು ಸುಲಭವಾಗಿ ತಾನೇ ಅಗಲವಾಗುವುದಿಲ್ಲ.

ನಾಲಿಗೆ ಕಳ್ಳನೋ, ಕಾವಲುಗಾರನೋ?

ಪುಟ್ಟಿ ಎಂಜಲು ನುಂಗುವಾಗಲೆಲ್ಲ ನಾಲಿಗೆಯನ್ನು ಆ ಸಂದಿಗೆ ತಳ್ಳುತ್ತಿದ್ದಳು. "ಸಕ್ಕರೆ" ಅನ್ನುವಾಗಲೂ ನಾಲಿಗೆ ಹಲ್ಲಿನ ನಡುವೆ ಬಂದು "ಥಕ್ಕರೆ" ಅಂದ ಹಾಗೆ ಕೇಳುತ್ತಿತ್ತು. ಹಾಗಾದರೆ ಈ ನಾಲಿಗೆಯೇ ಹಲ್ಲನ್ನು ತಳ್ಳುತ್ತಿರುವ ಕಳ್ಳ ಅಂತ ತೀರ್ಮಾನಿಸಿ, ಅವಳು ನುಂಗಿದಾಗಲೆಲ್ಲ "ನಾಲಿಗೆ ಒಳಗೆ!" ಅಂತ ಗದರಲು ಶುರು ಮಾಡಿದೆ. ಪಾಪ, ಊಟಕ್ಕೆ ಕೂತರೂ ಮಗುವಿಗೆ ನೆಮ್ಮದಿಯಿಲ್ಲ.

ಡಾಕ್ಟರಮ್ಮ ನನ್ನನ್ನು ತಡೆದರು. ಹಿಂದೆ, 1950-60ರ ದಶಕಗಳಲ್ಲಿ, ನುಂಗುವಾಗ ನಾಲಿಗೆ ತಳ್ಳುವುದೇ ಹಲ್ಲು ಕೆಡಲು ಕಾರಣ ಅಂತ ಪರದೇಶಗಳಲ್ಲಿ ಬಹಳ ಮಂದಿ ನಂಬಿದ್ದರಂತೆ. ಆಮೇಲೆ ಲೆಕ್ಕ ಹಾಕಿ ನೋಡಿದರು. ನಾವು ದಿನಕ್ಕೆ ಹೆಚ್ಚು ಕಡಿಮೆ 1000 ಸಲ ನುಂಗುತ್ತೇವೆ. ಒಂದೊಂದು ಸಲಕ್ಕೆ ನಾಲಿಗೆ ಹಲ್ಲಿಗೆ ಒತ್ತುವುದು ಒಂದು ಸೆಕೆಂಡು. ಎಲ್ಲ ಕೂಡಿಸಿದರೂ ದಿನಕ್ಕೆ 20 ನಿಮಿಷ ಆಗುವುದಿಲ್ಲ. ಅಷ್ಟರಿಂದ ಹಲ್ಲು ಜರುಗುವುದಿಲ್ಲ. ನುಂಗುವಾಗ ಬಾಯಿಯ ಮುಂಭಾಗ ಮುಚ್ಚಿರಬೇಕು, ಇಲ್ಲದಿದ್ದರೆ ನೀರು ಹೊರಗೆ ಬರುತ್ತದೆ. ಹಲ್ಲಿನ ನಡುವೆ ಸಂದು ಇದ್ದರೆ ಅದನ್ನು ಮುಚ್ಚಲು ನಾಲಿಗೆ ಮುಂದೆ ಬರುತ್ತದೆ. "ಬಾಗಿಲು ಮುರಿದ ಮನೆಯಲ್ಲಿ ಯಜಮಾನ ಹೊಸಿಲ ಮೇಲೆ ಮಲಗಿದ ಹಾಗೆ. ಬಾಗಿಲು ಸರಿ ಮಾಡಿ, ಅವನು ಒಳಗೆ ಹೋಗ್ತಾನೆ" ಅಂದರು.

ಹಾಗಾದರೆ ನಾಲಿಗೆಯ ಪಾತ್ರವೇ ಇಲ್ಲವೇ? ಇದೆ. ನುಂಗುವಾಗಿನದಕ್ಕಿಂತ ಸುಮ್ಮನಿರುವಾಗಿನದು ದೊಡ್ಡದು. ಓದುವಾಗ, ಟಿವಿ ನೋಡುವಾಗ, ಮಲಗಿದಾಗ ನಾಲಿಗೆ ಎಲ್ಲಿರುತ್ತದೆ? ಗಂಟೆಗಟ್ಟಲೆ ಅದು ಕೆಳಗೆ ಬಿದ್ದುಕೊಂಡಿದ್ದರೆ, ಅಥವಾ ಹಲ್ಲಿನ ಸಂದಿನಲ್ಲೇ ಒರಗಿಕೊಂಡಿದ್ದರೆ, ಆ ಹಗುರ ಒತ್ತಡವೇ ಸಾಲನ್ನು ಬದಲಿಸುತ್ತದೆ. ನನ್ನ ತಂಗಿಯ ಮಗನಿಗೆ ಎರಡು ವರ್ಷ ಕ್ಲಿಪ್ ಹಾಕಿಸಿ ಹಲ್ಲು ಮುತ್ತು ಪೋಣಿಸಿದ ಹಾಗಾಗಿತ್ತು. ಕ್ಲಿಪ್ ತೆಗೆದ ಒಂದೂವರೆ ವರ್ಷಕ್ಕೆ ಮುಂದೆ ಮತ್ತೆ ಸಂದು ಬಿತ್ತು. ನಾಲಿಗೆಯ ಅಭ್ಯಾಸ ಹಳೆಯದೇ ಉಳಿದಿತ್ತು. ತೆಗೆದ ಮೇಲೆ ಹಾಕಿಕೊಳ್ಳಲು ಕೊಟ್ಟ ತಟ್ಟೆಯನ್ನೂ ಅವನು ಹಾಕಿಕೊಳ್ಳುತ್ತಿರಲಿಲ್ಲ. ದುಡ್ಡು ಹೋಯಿತು, ಹಲ್ಲೂ ಹೋಯಿತು ಅಂತ ತಂಗಿ ಅತ್ತಿದ್ದಳು.

ನಾಲಿಗೆಯ ಜಾಗ ಹೇಳಿಕೊಡಲು ಬೇರೆ ಪುಸ್ತಕ ಬೇಡ. ನಮ್ಮ ಅಕ್ಷರಮಾಲೆಯೇ ಸಾಕು. ಸ್ಕೂಲಿನಲ್ಲಿ ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದು ನಾಲಿಗೆ ಎಲ್ಲೆಲ್ಲಿ ಮುಟ್ಟುತ್ತದೆ ಎನ್ನುವುದರ ನಕ್ಷೆಯೇ ಸರಿ. "ಲ" ಅನ್ನಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ, ಒಸಡಿನ ಉಬ್ಬಿಗೆ ತಾಗಿತಲ್ಲವೇ? ಬಾಯಿ ಮುಚ್ಚಿ, ತುಟಿ ಸೇರಿಸಿ, ಮೂಗಿನಲ್ಲಿ ಉಸಿರಾಡುತ್ತಾ ಸುಮ್ಮನಿದ್ದಾಗ ತುದಿ ಅಲ್ಲೇ ಇರಬೇಕು, ಉಳಿದ ಭಾಗ ಹಗುರವಾಗಿ ಅಂಗುಳಕ್ಕೆ ತಾಗಿರಬೇಕು. ಒತ್ತಬೇಕಾಗಿಲ್ಲ.

ಮೂಗು ಕಟ್ಟಿದರೆ ಬಾಯಿ ತೆರೆಯುತ್ತದೆ

"ರಾತ್ರಿ ಮಗಳು ಬಾಯಿ ತೆರೆದು ಮಲಗ್ತಾಳಾ? ಗೊರಕೆ ಇದೆಯಾ?" ಡಾಕ್ಟರಮ್ಮ ಕೇಳಿದರು. ಇತ್ತು. ದಿಂಬು ಎಂಜಲಿನಿಂದ ಒದ್ದೆಯಾಗುತ್ತಿತ್ತು. "ಅವರಪ್ಪನ ಹಾಗೇ ಗೊರಕೆ" ಅಂತ ನಾವು ನಗುತ್ತಿದ್ದೆವು. ಇದು ನಗುವ ವಿಷಯವಲ್ಲ ಅಂತ ಅವರು ಕಿವಿ-ಮೂಗು-ಗಂಟಲಿನ ಡಾಕ್ಟರ ಬಳಿ ಕಳಿಸಿದರು.

ಮೂಗಿನ ಹಿಂದೆ, ಗಂಟಲ ಮೇಲ್ಭಾಗದಲ್ಲಿ ಅಡಿನಾಯ್ಡ್ ಎಂಬ ಮೆದುವಾದ ಗಂಟಿನಂಥ ಭಾಗ ಎಲ್ಲ ಮಕ್ಕಳಲ್ಲೂ ಇರುತ್ತದೆ. ಎಳೆಯ ವಯಸ್ಸಿನಲ್ಲಿ ದೊಡ್ಡದಾಗಿದ್ದು ಹರೆಯದ ಹೊತ್ತಿಗೆ ಕುಗ್ಗುತ್ತದೆ. ಕೆಲವರಲ್ಲಿ ಅತಿಯಾಗಿ ಊದಿ ಮೂಗಿನ ದಾರಿ ಮುಚ್ಚುತ್ತದೆ. ಧೂಳಿನ ಅಲರ್ಜಿಯಿಂದಲೂ ಮೂಗು ಕಟ್ಟುತ್ತದೆ. ನಮ್ಮ ಕಡೆ ಖಾಲಿ ಸೈಟುಗಳಲ್ಲೆಲ್ಲ ಬೆಳೆಯುವ ಪಾರ್ಥೇನಿಯಂ ಗಿಡವೂ ಕೆಲವರಿಗೆ ಆಗಿಬರುವುದಿಲ್ಲ. ಮೂಗು ಕಟ್ಟಿದ ಮಗು ಬಾಯಲ್ಲಿ ಉಸಿರಾಡುತ್ತದೆ. ಬಾಯಲ್ಲಿ ಉಸಿರಾಡಬೇಕಾದರೆ ತುಟಿ ತೆರೆಯಬೇಕು, ದವಡೆ ಜೋತುಬೀಳಬೇಕು, ನಾಲಿಗೆ ಅಂಗುಳ ಬಿಟ್ಟು ಕೆಳಗಿಳಿಯಬೇಕು. ಆಗ ಮೇಲಿನ ದವಡೆಗೆ ಒಳಗಿನ ಆಸರೆ ತಪ್ಪುತ್ತದೆ. ವರ್ಷಗಟ್ಟಲೆ ಹೀಗಾದರೆ ಕೆಲವು ಮಕ್ಕಳ ಮುಖ ಉದ್ದವಾಗಿ, ದವಡೆ ಕಿರಿದಾಗಿ ಬೆಳೆಯಬಹುದು.

ಕ್ಯಾಲಿಫೋರ್ನಿಯಾದಲ್ಲಿ ಎಗಿಲ್ ಹಾರ್ವೊಲ್ಡ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಎಳೆಯ ಮಂಗಗಳ ಮೂಗನ್ನು ಮುಚ್ಚಿ ನೋಡಿದ್ದರು. 1981ರಲ್ಲಿ ಅದರ ವರದಿ ಬಂತು. ಬಾಯಲ್ಲಿ ಉಸಿರಾಡಲು ಕಲಿತ ಆ ಮಂಗಗಳ ದವಡೆ, ಹಲ್ಲು ಎರಡೂ ಬದಲಾಗಿದ್ದವು. ಪ್ರತಿಯೊಂದು ಮಂಗವೂ ಒಂದೇ ಥರ ಬದಲಾಗಲಿಲ್ಲ. ಒಂದೊಂದು ನಾಲಿಗೆಯನ್ನೂ ದವಡೆಯನ್ನೂ ಒಂದೊಂದು ರೀತಿ ಹಿಡಿದು ಉಸಿರಾಡಿತು, ಅದರ ಪ್ರಕಾರ ಹಲ್ಲು ಕೆಟ್ಟಿತು. ಆ ಮೂಕಪ್ರಾಣಿಗಳನ್ನು ನೆನೆದರೆ ಸಂಕಟವಾಗುತ್ತದೆ. ಮಕ್ಕಳ ಮೂಗು ಅಷ್ಟು ಪೂರ್ತಿ ಮುಚ್ಚುವುದು ಅಪರೂಪ, ಆದ್ದರಿಂದ ಬಾಯಲ್ಲಿ ಉಸಿರಾಡುವ ಎಲ್ಲ ಮಕ್ಕಳ ಮುಖವೂ ಬದಲಾಗುತ್ತದೆ ಅಂತ ಹೇಳುವ ಹಾಗಿಲ್ಲ. ತಾಯಿ-ತಂದೆಯಿಂದ ಬಂದ ದವಡೆಯ ಅಚ್ಚೂ ಇದರಲ್ಲಿ ಸೇರಿರುತ್ತದೆ.

ನಾವು ಮಾಡಿದ್ದು

ಚಿಕಿತ್ಸೆ ಒಂದರ ಹಿಂದೆ ಒಂದು ನಡೆಯಿತು. ಮೊದಲು ಮೂಗು, ಆಮೇಲೆ ಬೆರಳು, ಆಮೇಲೆ ದವಡೆ. ಮೂಗಿಗೆ ಕೆಲವು ತಿಂಗಳು ಔಷಧಿ ಸಿಂಪಡಿಸಿದ್ದರಲ್ಲೇ ಪುಟ್ಟಿಯ ಗೊರಕೆ ತಗ್ಗಿತು. ಆಪರೇಷನ್ ಬೇಕಾಗಲಿಲ್ಲ. ಕೆಲವು ಮಕ್ಕಳಿಗೆ ಬೇಕಾಗುತ್ತದೆ, ಅದು ಡಾಕ್ಟರು ನಿರ್ಧರಿಸುವ ವಿಷಯ.

ಬೆರಳಿನ ವಿಷಯಕ್ಕೆ ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಿಸಿ ಪುಟ್ಟಿಯೊಬ್ಬಳ ಜೊತೆಯೇ ಮಾತಾಡಿದರು. ಕನ್ನಡಿ ಕೊಟ್ಟು ಅವಳ ಹಲ್ಲನ್ನು ಅವಳಿಗೇ ತೋರಿಸಿದರಂತೆ. "ನಿನಗೆ ಬಿಡಬೇಕು ಅಂತ ಇದೆಯಾ? ಇದ್ದರೆ ನಾನು ಸಹಾಯ ಮಾಡ್ತೀನಿ" ಅಂದರಂತೆ. ಮನೆಗೆ ಬಂದವಳೇ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದಳು. ಬೆರಳು ಚೀಪದ ರಾತ್ರಿಗೆ ಒಂದು ನಕ್ಷತ್ರ. ಅವಳೇ ಕೇಳಿ ಮಲಗುವಾಗ ಎಡಗೈಗೆ ಹಳೇ ಕಾಲುಚೀಲ ಹಾಕಿಸಿಕೊಳ್ಳುತ್ತಿದ್ದಳು. ನಮ್ಮತ್ತೆಯವರೂ ಬದಲಾದರು. ಬೆರಳು ಖಾಲಿ ಇರಬಾರದು ಅಂತ ಮಲಗುವ ಮುಂಚೆ ಅವಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಕತೆ ಹೇಳುತ್ತಿದ್ದರು. ಬೇವಿನೆಣ್ಣೆ ನಾಲ್ಕು ವರ್ಷದಲ್ಲಿ ಮಾಡದ ಕೆಲಸವನ್ನು ಅಜ್ಜಿಯ ಕೈ ಎರಡು ತಿಂಗಳಲ್ಲಿ ಮಾಡಿತು.

ಮನಸ್ಸಿದ್ದೂ ಬಿಡಲಾಗದ ಮಕ್ಕಳಿಗೆ ಮೇಲಿನ ಹಲ್ಲಿನ ಹಿಂದೆ ಸಣ್ಣ ಕಂಬಿಯ ಜಾಲರಿ ಕೂರಿಸುತ್ತಾರೆ. ಬೆರಳಿಟ್ಟರೆ ಮೊದಲಿನ ಸುಖ ಸಿಗುವುದಿಲ್ಲ. ಅದು ನೆನಪಿಸಲು, ಶಿಕ್ಷೆಗಲ್ಲ ಎಂದು ಮಗುವಿಗೆ ಮೊದಲೇ ತಿಳಿಸಬೇಕು.

ದವಡೆ ಅಗಲ ಮಾಡಲು ಅಂಗುಳಕ್ಕೆ ಒಂದು ತಂತಿಯ ಸಾಧನ ಹಾಕಿದರು. ಮೇಲಿನ ದವಡೆ ಎಡ-ಬಲ ಎರಡು ಹೋಳಾಗಿದ್ದು ನಡುವೆ ಹೊಲಿಗೆ ಹಾಕಿದ ಹಾಗಿರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಈ ಹೊಲಿಗೆ ಸಡಿಲವಾಗಿರುತ್ತದೆ, ಸ್ವಲ್ಪ ಸ್ವಲ್ಪವಾಗಿ ಬಿಡಿಸಿ ಅಗಲ ಮಾಡಬಹುದು. ಹದಿಹರೆಯ ಕಳೆಯುತ್ತಾ ಅದು ಬೆಸೆದುಕೊಳ್ಳುತ್ತದೆ. ಆಮೇಲೆ ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆ ಹಲ್ಲಿಗೂ ಸರಿ. 13 ವರ್ಷದ ತನಕ ಕಾದು ಕೂತಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ.

ಆ ಸಾಧನ ಹಾಕಿದ ಮೊದಲ ವಾರ ಅವಳಿಗೆ ಅನ್ನ-ಸಾರು ನುಂಗುವುದೂ ಕಷ್ಟವಾಯಿತು. ರಾಗಿ ಗಂಜಿ, ಮೆತ್ತಗಿನ ಪೊಂಗಲ್, ಮೊಸರನ್ನ ಮಾಡಿ ಕೊಟ್ಟೆ. ಮಾತು ತೊದಲಿತು. ಆನ್‌ಲೈನ್ ಕ್ಲಾಸಿನಲ್ಲಿ ಉತ್ತರ ಹೇಳಲು ಒಲ್ಲೆನೆಂದಳು. ಎರಡನೇ ವಾರಕ್ಕೆ ಒಗ್ಗಿತು.

ಅಗಿದು ತಿನ್ನುವ ಊಟ

ಅಗಿಯುವುದಕ್ಕೂ ದವಡೆಯ ಬೆಳವಣಿಗೆಗೂ ಸಂಬಂಧವಿದೆ ಎಂದು ತಜ್ಞರು ಹೇಳುತ್ತಾರೆ. ರಾಬರ್ಟ್ ಕೊರುಚ್ಚಿನಿ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 1980ರ ದಶಕದಲ್ಲಿ ನಮ್ಮ ದೇಶದ ಚಂಡೀಗಢದ ಸುತ್ತಮುತ್ತ ಹಳ್ಳಿಯ ಮತ್ತು ಪೇಟೆಯ ಯುವಕರ ಹಲ್ಲುಗಳನ್ನು ಹೋಲಿಸಿದ್ದರು. ಮೆತ್ತಗಿನ ಊಟ ಮಾಡುವ ಪೇಟೆಯವರಲ್ಲಿ ಸಾಲು ತಪ್ಪಿದ ಹಲ್ಲು ಹೆಚ್ಚು ಎನ್ನುವುದು ಅವರ ಅಭಿಪ್ರಾಯ. ನಮ್ಮ ಮನೆಯ ಊಟವನ್ನೇ ನೋಡಿ: ಇಡ್ಲಿ, ಉಪ್ಪಿಟ್ಟು, ಬಿಸಿಬೇಳೆಭಾತ್, ಮೊಸರನ್ನ. ಮುದ್ದೆಯಂತೂ ಅಗಿಯುವ ಹಾಗೇ ಇಲ್ಲ, ನುಂಗಬೇಕು! ಇವನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಜೊತೆಗೆ ಕಬ್ಬಿನ ತುಂಡು, ಸೀಬೆಕಾಯಿ, ಸೌತೆಕಾಯಿ, ಹಸಿ ಕ್ಯಾರೆಟ್, ಉಸಲಿ, ಬೇಯಿಸಿದ ಜೋಳದ ತೆನೆ ಇರಲಿ. ಕೆಟ್ಟ ಹಲ್ಲನ್ನು ಇದು ಸರಿ ಮಾಡುವುದಿಲ್ಲ, ಆದರೆ ಅಗಿಯುವ ಅಭ್ಯಾಸ ಒಳ್ಳೆಯದೇ. ತೀರ ಸಣ್ಣ ಮಕ್ಕಳಿಗೆ ಗಂಟಲಿಗೆ ಸಿಕ್ಕಿಕೊಳ್ಳುವ ಗಟ್ಟಿ ಪದಾರ್ಥ ಕೊಡಬೇಡಿ.

ಎದೆಹಾಲು ಹೆಚ್ಚು ಕಾಲ ಕುಡಿದ ಮಕ್ಕಳಲ್ಲಿ ಹಲ್ಲು ಅಡ್ಡ ಕೂರುವ ತೊಂದರೆ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಹಾಲು ಸಾಲದೆ ಬಾಟ್ಲಿ ಕೊಟ್ಟ ತಾಯಂದಿರು ಇದನ್ನು ಓದಿ ಕೊರಗಬೇಡಿ. ನಮ್ಮ ಅಜ್ಜಿಯರ ಕಾಲದ ಒಳಲೆಯನ್ನೋ ಸಣ್ಣ ಲೋಟವನ್ನೋ ಬೇಗ ಅಭ್ಯಾಸ ಮಾಡಿಸಿ, ವರ್ಷ ತುಂಬಿದ ಮೇಲೆ ಬಾಟ್ಲಿ ಬಿಡಿಸಿ. ರಾತ್ರಿ ಬಾಯಲ್ಲಿ ಬಾಟ್ಲಿ ಇಟ್ಟು ಮಲಗಿಸಿದರೆ ಹಾಲುಹಲ್ಲು ಹುಳುಕಾಗುತ್ತದೆ, ಅದು ಇನ್ನೊಂದು ನಷ್ಟ.

ಕನ್ನಡಿ ಮುಂದಿನ ಹುಡುಗರು

ನಮ್ಮ ದೊಡ್ಡ ಮಗನಿಗೆ 17 ವರ್ಷ. ಅವನು ಕನ್ನಡಿ ಮುಂದೆ ನಿಂತು ನಾಲಿಗೆಯನ್ನು ಅಂಗುಳಕ್ಕೆ ಬಲವಾಗಿ ಒತ್ತಿ ಹಿಡಿಯುತ್ತಾನೆ. ಏನೋ ಇದು ಅಂದರೆ, "ಮ್ಯೂಯಿಂಗ್ ಅಮ್ಮಾ, ದವಡೆ ಚೂಪಾಗುತ್ತೆ" ಅಂದ. ಇಂಗ್ಲೆಂಡಿನ ಜಾನ್ ಮ್ಯೂ ಮತ್ತು ಅವರ ಮಗ ಮೈಕ್ ಮ್ಯೂ ಎಂಬ ದಂತವೈದ್ಯರ ಹೆಸರಿನಿಂದ ಬಂದ ಮಾತಿದು. ಮೊಬೈಲಿನ ವಿಡಿಯೋಗಳಿಂದ ಲೋಕವೆಲ್ಲ ಹರಡಿದೆ. ಡಾಕ್ಟರಮ್ಮನನ್ನು ಕೇಳಿದೆ. ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರಾಡುವುದು ಒಳ್ಳೆಯದು. ಆದರೆ ನಾಲಿಗೆ ಒತ್ತಿ ಬೆಳೆದವರ ದವಡೆಯ ಆಕಾರ ಬದಲಾಗುತ್ತದೆ ಎನ್ನುವುದಕ್ಕೆ ಸರಿಯಾದ ಸಾಕ್ಷ್ಯವಿಲ್ಲ, ಅದನ್ನು ನಂಬಿ ಚಿಕಿತ್ಸೆ ತಪ್ಪಿಸಬಾರದು ಅಂದರು. ಮಗನಿಗೆ ಹೇಳಿದೆ. ಒಪ್ಪಿಲ್ಲ. ಆ ವಯಸ್ಸೇ ಹಾಗೆ.

ತಾಯಂದಿರು ಗಮನಿಸಬೇಕಾದ್ದು

ನಿದ್ದೆಯಲ್ಲಿ ಮಗುವಿನ ತುಟಿ ಸೇರಿರುತ್ತದೆಯೇ, ತೆರೆದಿರುತ್ತದೆಯೇ ನೋಡಿ. ದಿನಾ ಗೊರಕೆ, ಒದ್ದೆ ದಿಂಬು, ಬೆಳಿಗ್ಗೆ ಒಣ ಬಾಯಿ ಇದ್ದರೆ ಮೂಗಿನ ಡಾಕ್ಟರಿಗೆ ತೋರಿಸಿ. ನೆಗಡಿ ಇರುವಾಗ ನೋಡಿ ಗಾಬರಿಯಾಗಬೇಡಿ.

ದೋಸೆಯ ಅಂಚನ್ನು ಮುಂದಿನ ಹಲ್ಲಿನಿಂದ ಕಚ್ಚಿ ತೆಗೆಯಲು ಹೇಳಿ. 8-9 ವರ್ಷದ ಮೇಲೂ ಆಗದಿದ್ದರೆ ಹಲ್ಲು ಕೂಡಿಸಿ ನೋಡಿ.

"ಸ" ಅಕ್ಷರ ಹೇಳುವಾಗ ನಾಲಿಗೆ ಹಲ್ಲಿನ ನಡುವೆ ಬರುತ್ತದೆಯೇ ಗಮನಿಸಿ. ನಾಲಿಗೆ ಚಾಚಲು, ಮೇಲೆತ್ತಲು ಆಗದಷ್ಟು ಕೆಳಗಿನ ಕಟ್ಟು ಬಿಗಿಯಾಗಿದ್ದರೂ ತೋರಿಸಿ. ಎಲ್ಲರಿಗೂ ಅದನ್ನು ಕತ್ತರಿಸಬೇಕಾಗಿಲ್ಲ.

ಉಗುರು ಕಚ್ಚುವುದು, ಕೆಳತುಟಿಯನ್ನು ಹಲ್ಲಿನಡಿ ಸಿಕ್ಕಿಸಿಕೊಳ್ಳುವುದು ಇವನ್ನೂ ನೋಡಿಕೊಳ್ಳಿ. 4 ವರ್ಷ ದಾಟಿಯೂ ಬೆರಳು ಬಿಡದಿದ್ದರೆ ಹಲ್ಲಿನ ಡಾಕ್ಟರ ಸಲಹೆ ಕೇಳಿ. ಏನೂ ತೊಂದರೆ ಕಾಣದಿದ್ದರೂ 7 ವರ್ಷಕ್ಕೆ ಒಂದು ಸಲ ಸಾಲು ತೋರಿಸುವುದು ಒಳ್ಳೆಯದು. ಬೆರಳು, ಬಾಟ್ಲಿ, ಗೊರಕೆಯ ವಿಷಯ ಅವರು ಕೇಳದಿದ್ದರೂ ನೀವೇ ಹೇಳಿ. ನಾನು ಹೇಳದೆ ಎರಡು ವರ್ಷ ಕಳೆದೆ.

ಮೈಸೂರಿನವರಿಗೆ ಇದಕ್ಕೆಲ್ಲ ಊರು ಬಿಟ್ಟು ಹೋಗಬೇಕಾಗಿಲ್ಲ. 1986ರಲ್ಲಿ ಶುರುವಾದ ಜೆಎಸ್ಎಸ್ ದಂತ ಮಹಾವಿದ್ಯಾಲಯ, ಫಾರೂಕಿಯಾ ದಂತ ಮಹಾವಿದ್ಯಾಲಯ ಇಲ್ಲೇ ಇವೆ. ಹಲ್ಲಿನ ಸಂದು ಮುಚ್ಚಿದ ಮೇಲೂ ಉಚ್ಚಾರ ಸರಿಯಾಗದಿದ್ದರೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಿಂದಲೂ ಮಾತಿನ ತೊಂದರೆಯವರಿಗಾಗಿ ಕೆಲಸ ಮಾಡುತ್ತಿರುವ ಸಂಸ್ಥೆ. ದೇಶದ ಎಲ್ಲೆಲ್ಲಿಂದಲೋ ಅಲ್ಲಿಗೆ ಬರುತ್ತಾರೆ, ನಮ್ಮೂರಿನ ನಾವು ಮಾತ್ರ ಅದರ ಮುಂದೆ ಬಸ್ಸಿನಲ್ಲಿ ಹೋಗಿಬಿಡುತ್ತೇವೆ.

ಹೆಣ್ಣುಮಗು, ಹಲ್ಲುಬ್ಬು, ಮುಂದೆ ಮದುವೆ ಹೇಗೆ ಅಂತ ನನಗೆ ಹೇಳಿದವರು ಬಹಳ ಮಂದಿ. ಗಂಡುಮಕ್ಕಳ ಹಲ್ಲಿನ ಬಗ್ಗೆ ಯಾರೂ ಹಾಗೆ ಹೇಳುವುದನ್ನು ನಾನು ಕೇಳಿಲ್ಲ. ನಾನು ಓಡಾಡಿದ್ದು ಆ ಮಾತಿಗಾಗಿ ಅಲ್ಲ. ಮಗಳು ದೋಸೆ ಕಚ್ಚಲಿ, ರಾತ್ರಿ ಉಸಿರು ಕಟ್ಟದೆ ಮಲಗಲಿ, ಬಾಯಿಗೆ ಕೈ ಅಡ್ಡ ಇಡದೆ ನಗಲಿ ಅಂತ.

2024ರ ವರಮಹಾಲಕ್ಷ್ಮಿ ಹಬ್ಬಕ್ಕೆ ಮತ್ತೆ ಮೊರದ ತುಂಬ ಮಲ್ಲಿಗೆ. ಪುಟ್ಟಿಗೆ 12 ವರ್ಷ. ಒಂದು ಕೋರೆಹಲ್ಲು ಇನ್ನೂ ಓರೆ ಇದೆ, ಅದಕ್ಕೆ ಕ್ಲಿಪ್ ಬೇಕಾಗುತ್ತದೆ ಅಂದಿದ್ದಾರೆ. ಮುಂದಿನ ಸಂದು ಮಾತ್ರ ಮುಚ್ಚಿದೆ. ಮಾಲೆ ಕಟ್ಟಿ ಮುಗಿಸಿ ನನ್ನ ಕಡೆ ನೋಡಿ ದಾರವನ್ನು ಹಲ್ಲಿಗೆ ಕೊಟ್ಟು ಟಕ್ಕನೆ ಕಡಿದಳು. ಡಾಕ್ಟರಮ್ಮ ಕೇಳಿದ್ದರೆ ಬೈಯುತ್ತಿದ್ದರು, ದಾರ ಕಡಿಯಲು ಕತ್ತರಿ ಇದೆ, ಹಲ್ಲಲ್ಲ ಅಂತ. ನಾನು ಮಾತ್ರ ಅವತ್ತೊಂದು ದಿನ ಸುಮ್ಮನಿದ್ದೆ.